ಪಾಪರ್ ಅರ್ಜಿ ಹಾಕಿದವನೆಲ್ಲ ಮೋಸಗಾರನಲ್ಲ

ಸೋಮವಾರಪೇಟೆ ತಾಲೂಕಿನ ಓದುಗರೊಬ್ಬರ ಪತ್ರ: “ಊರಿನ ವ್ಯಾಪಾರಿಯ ಗೋದಾಮಿಗೆ 42 ಚೀಲ ರೋಬಸ್ಟಾ ಕಾಫಿ ಚೆರ್ರಿ ಹಾಕಿದ್ದೆ. ಬೆಲೆ ಆಮೇಲೆ ಮಾಡೋಣ ಎಂದಿದ್ದ. ಹಣ ಬರಲಿಲ್ಲ. ಮಡಿಕೇರಿಯಲ್ಲಿ ದಾವೆ ಹೂಡಿದೆ. ಸಾಕ್ಷಿ ವಿಚಾರಣೆಯ ಹಂತಕ್ಕೆ ಬರುವಾಗ ಆಸಾಮಿ ಪಾಪರ್ ಅರ್ಜಿ ಹಾಕಿದ್ದಾನೆ. ನನ್ನ ದಾವೆ ಸತ್ತಂತೆಯೇ? ಇಂಥ ಮೋಸಗಾರರ ಬೆನ್ನಿಗೆ ಕಾನೂನು ನಿಲ್ಲುವುದು ಯಾವ ನ್ಯಾಯ?”

ಸಂಪಾದಕರ ಉತ್ತರ: ಆನೆ ಕಾಟದ ನಡುವೆ ಆಳು ಹುಡುಕಿ ಕೊಯ್ದು, ಕಣದಲ್ಲಿ ಒಣಗಿಸಿದ ಫಸಲಿನ ಹಣ ನಿಮಗೆ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಇಷ್ಟು ಹೇಳಿ ನಾನು ನಿಮ್ಮ ಎದುರಾಳಿಯ ಪಕ್ಕಕ್ಕೆ ಸರಿಯುತ್ತೇನೆ. ಬೇಸರಿಸಬೇಡಿ.

ಮೊದಲು ನಿಮ್ಮ ಪ್ರಶ್ನೆ. ದಾವೆ ಸತ್ತಿಲ್ಲ. ಪಾಪರ್ ಅರ್ಜಿ, ಅಂದರೆ ‘ನನ್ನನ್ನು ದಿವಾಳಿ ಎಂದು ಘೋಷಿಸಿ’ ಎಂಬ ಅರ್ಜಿ, ಹಾಕಿದ ಮಾತ್ರಕ್ಕೆ ದಾವೆ ನಿಲ್ಲುವುದೂ ಇಲ್ಲ. ನಮ್ಮ ಜಿಲ್ಲೆಯಂಥ ಕಡೆ ಸಾಮಾನ್ಯ ಸಾಲಗಾರನಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ನ್ಯಾಯಾಲಯ ಅವನನ್ನು ದಿವಾಳಿ ಎಂದು ಘೋಷಿಸಿದ ಮೇಲೆ ಆ ಆದೇಶವನ್ನು ನಿಮ್ಮ ದಾವೆ ನಡೆಯುತ್ತಿರುವ ನ್ಯಾಯಾಲಯದ ಮುಂದಿಟ್ಟರೆ, 29ನೇ ಕಲಮಿನ ಪ್ರಕಾರ ನ್ಯಾಯಾಧೀಶರ ಎದುರು ಎರಡೇ ದಾರಿ: ದಾವೆಯನ್ನು ತಡೆಹಿಡಿಯುವುದು, ಇಲ್ಲವೇ ಷರತ್ತು ಹಾಕಿ ಮುಂದುವರಿಸುವುದು. ವಜಾ ಮಾಡುವ ಮಾತೇ ಅಲ್ಲಿಲ್ಲ. ಘೋಷಣೆಯ ನಂತರ ಹೊಸದಾಗಿ ದಾವೆ ಹೂಡುವವರು ಮಾತ್ರ ದಿವಾಳಿ ನ್ಯಾಯಾಲಯದ ಅನುಮತಿ ಪಡೆಯಬೇಕು.

ಬದಲಾಗುವುದು ಏನೆಂದರೆ, ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ಆಸ್ತಿ ಮೇಲ್ವಿಚಾರಕನ, ಅಂದರೆ ರಿಸೀವರ್, ಕೈಗೆ ಹೋಗುತ್ತದೆ. ಮೊದಲು ಡಿಕ್ರಿ ಪಡೆದು ಅಮೀನನನ್ನು ಕರೆದುಕೊಂಡು ಹೋಗಿ ಜಪ್ತಿ ಮಾಡಿಸಿದವನೇ ಗೆದ್ದ ಎನ್ನುವ ಓಟ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಬಾಕಿಯನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ರುಜುವಾತು ಮಾಡಬೇಕು. ರಿಜಿಸ್ಟರ್ಡ್ ಅಂಚೆಯಲ್ಲಿ ನ್ಯಾಯಾಲಯಕ್ಕೆ ಕಳುಹಿಸಿದರೂ ನಡೆಯುತ್ತದೆ. ಉಳಿದ ಸಾಲಿಗರ (ಅವನಿಂದ ಹಣ ಬರಬೇಕಾದವರ) ಜೊತೆ ನಿಮಗೂ ಪಾಲು. ನೀವು ಪತ್ರದ ಜೊತೆ ಕಳುಹಿಸಿದ ತೂಕದ ಚೀಟಿಯ ನಕಲು ನೋಡಿದೆ. ಚೀಲದ ಲೆಕ್ಕವಿದೆ, ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಕಾಫಿ ಬೀಜ ಸಿಗುತ್ತದೆ ಎಂಬ ಲೆಕ್ಕ) ಇಲ್ಲ, ಬೆಲೆಯ ಜಾಗದಲ್ಲಿ ಪೆನ್ಸಿಲ್ಲಿನ ಒಂದು ಗೀಟು, ಸಹಿ ಇರಬೇಕಾದಲ್ಲಿ ಅಂಗಡಿಯ ಹುಡುಗನ ಇನಿಷಿಯಲ್. ವರ್ಷದ ದುಡಿಮೆಯನ್ನು ಇಂಥ ಚೀಟಿಯ ಮೇಲೆ ಬಿಟ್ಟುಬರುವ ನಮ್ಮ ಬೆಳೆಗಾರರ ಧೈರ್ಯಕ್ಕೆ ಏನೆನ್ನಲಿ! ಮಗಳ ಮದುವೆಯ ಚಪ್ಪರದವನ ಹತ್ತಿರ ಇದಕ್ಕಿಂತ ಗಟ್ಟಿ ರಸೀದಿ ಪಡೆದಿರುತ್ತೀರಿ.

ಈಗ ‘ಮೋಸಗಾರ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಪಕ್ಕಾ ಮೋಸಗಾರ ಈ ಬಾಗಿಲಿಗೆ ಬರುವುದೇ ಅಪರೂಪ. ಬಂದರೆ ಆಸ್ತಿಯ ಪಟ್ಟಿ ಕೊಡಬೇಕು, ಲೆಕ್ಕದ ಪುಸ್ತಕ ಒಪ್ಪಿಸಬೇಕು, ಕಟಕಟೆಯಲ್ಲಿ ನಿಂತು ಉತ್ತರಿಸಬೇಕು. ದಿವಾಳಿ ಅರ್ಜಿ ಸಲ್ಲಿಸುವುದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ನಿಜವಾದ ಪ್ರತಿಫಲವಿಲ್ಲದೆ ಹೆಂಡತಿಗೋ ಭಾವಮೈದುನನಿಗೋ ಬರೆದುಕೊಟ್ಟಿದ್ದನ್ನು 53ನೇ ಕಲಮಿನಡಿ ರದ್ದು ಮಾಡಿಸಬಹುದು. ವಂಚನೆಯಿಂದ ಮಾಡಿದ ಸಾಲಕ್ಕೆ, ದಿವಾಳಿಯಾದವನನ್ನು ಸಾಲಗಳಿಂದ ಬಿಡಿಸುವ ಬಿಡುಗಡೆಯ ಆದೇಶದಿಂದಲೂ ಮುಕ್ತಿಯಿಲ್ಲ. ಚೆಕ್ ಬೌನ್ಸ್‌ನಂಥ ಕ್ರಿಮಿನಲ್ ಪ್ರಕರಣಕ್ಕೂ ಇದು ಗುರಾಣಿಯಲ್ಲ. ಇಷ್ಟೆಲ್ಲ ಪೇಚಿಗೆ ಯಾರು ತಲೆಕೊಡುತ್ತಾರೆ? ನನಗೆ ಪರಿಚಯದ ಒಬ್ಬ ವ್ಯಾಪಾರಿ ಕರಿಮೆಣಸಿನ ಬೆಲೆ ಕುಸಿದಾಗ ಊರಿಗೆಲ್ಲ ಬಾಕಿ ಉಳಿಸಿಕೊಂಡ. ಪಾಪರ್ ಅರ್ಜಿ ಹಾಕಲಿಲ್ಲ. ಮನೆ ಮಗನ ಹೆಸರಿಗೆ ಹೋಯಿತು, ಜೀಪು ಅಳಿಯನ ಹೆಸರಿಗೆ. ಪುತ್ತರಿ ಹಬ್ಬದ ಹೊತ್ತಿಗೆ ಎಲ್ಲರ ಮನೆಗೂ ನಗುನಗುತ್ತಾ ಬಂದು ಹೋಗುತ್ತಾನೆ. ಅವನನ್ನು ಯಾರೂ ಮೋಸಗಾರ ಎನ್ನುವುದಿಲ್ಲ, ‘ಪಾಪ, ಕಷ್ಟದಲ್ಲಿದ್ದಾನೆ’ ಎನ್ನುತ್ತಾರೆ. ಇನ್ನೊಬ್ಬ ಇದ್ದುದನ್ನೆಲ್ಲ ಬರೆದು ನ್ಯಾಯಾಲಯಕ್ಕೆ ಒಪ್ಪಿಸಿದ. ಅವನ ಮಗಳ ಸಂಬಂಧ ಮುರಿದುಬಿತ್ತು.

1980ರಲ್ಲಿ ಬ್ಯಾಂಕ್ ಆಫ್ ಕೊಚ್ಚಿನ್ ವಿರುದ್ಧದ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಕೊಡಲು ಕೈಲಾಗದ ಬಡವನನ್ನು ಡಿಕ್ರಿ ಹಣಕ್ಕಾಗಿ ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ಒಗ್ಗದು ಎಂದರು. ಇದ್ದೂ ಕೊಡದವನ ಮಾತು ಬೇರೆ. ಆ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು ಹಿಡಿಯಿತು. ನಮ್ಮ ಸಂತೆಕಟ್ಟೆಗಳು ಇನ್ನೂ ಹಿಡಿದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ತೋಟದ ಮಣ್ಣೇ ಹೋದವರಿದ್ದಾರೆ. ಅವರ ಕೈಸಾಲಕ್ಕೂ ‘ಮೋಸ’ ಎನ್ನೋಣವೇ?

ನಿಮ್ಮ ಕೋಪಕ್ಕೆ ಯೋಗ್ಯವಾದ ಬೇರೆ ಗುರಿ ತೋರಿಸುತ್ತೇನೆ. ಈ ಕಾಯ್ದೆಯಡಿ ಆಸ್ತಿ ಅಡಮಾನ ಇಟ್ಟುಕೊಂಡ ಸಾಲಿಗನಿಗೆ ತಡೆಯಿಲ್ಲ. ನೀವು ಪಾಲಿಗೆ ಕಾಯುತ್ತಿರುವಾಗ ಬ್ಯಾಂಕು ತನ್ನ ಅಡಮಾನವನ್ನು ತಾನು ನೋಡಿಕೊಳ್ಳುತ್ತದೆ. ದಿವಾಳಿಯಾದವನ ಆಳುಕಾಳುಗಳ ಕೂಲಿ ಬಾಕಿಗೆ ಆದ್ಯತೆ ಇದೆ, ಆದರೆ ತಲಾ 20 ರೂಪಾಯಿಯವರೆಗೆ. 1920ರ 20 ರೂಪಾಯಿ! ತಾನೇ ದಿವಾಳಿ ಅರ್ಜಿ ಹಾಕಲು ಬೇಕಾದ ಸಾಲದ ಮೊತ್ತ ಈಗಲೂ 500 ರೂಪಾಯಿ. 2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆ ತಂದಿತು. ಕಂಪನಿಗಳಿಗೆ ಅದು ಬೇಗನೆ ಜಾರಿಯಾಯಿತು, ಅವುಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ 2019ರ ಡಿಸೆಂಬರ್ 1ರಿಂದ. ನಿಮ್ಮ ವ್ಯಾಪಾರಿಯಂಥವರಿಗೆ ಸಂಬಂಧಿಸಿದ ಭಾಗ ಪುಸ್ತಕದಲ್ಲೇ ಕುಳಿತಿದೆ. ದೊಡ್ಡ ಕಂಪನಿ ಸಾಲದ ಬಹುಪಾಲು ಮನ್ನಾ ಮಾಡಿಸಿಕೊಂಡರೆ ಪತ್ರಿಕೆಗಳು ‘ಪರಿಹಾರ ಯೋಜನೆ’ ಎಂದು ಗೌರವದಿಂದ ಬರೆಯುತ್ತವೆ. ನಮ್ಮ ಪತ್ರಿಕೋದ್ಯಮಕ್ಕೆ ಬೆನ್ನುಮೂಳೆ ಎಲ್ಲಿ ಬಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಒಂದು ಮಾತು ಉಳಿಯಿತು. ನಾಳೆ ಬೆಲೆ ಬಿದ್ದು ನೀವೇ ದಿವಾಳಿಯಾದರೂ ನೀವು ಹೂಡಿದ ಈ ದಾವೆ ತಾನಾಗಿ ಬಿದ್ದುಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶದ 8ನೇ ನಿಯಮದಂತೆ ರಿಸೀವರ್ ಅದನ್ನು ಸಾಲಿಗರ ಪರವಾಗಿ ಮುಂದುವರಿಸಬಹುದು. ಆತ ಒಲ್ಲೆನೆಂದರೆ ತೊಡಕು.

ಸದ್ಯಕ್ಕೆ ನಿಮ್ಮ ವಕೀಲರಿಂದ ಆ ಅರ್ಜಿಯ ಆಸ್ತಿ ಪಟ್ಟಿಯ ನಕಲು ತರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯ ಜೊತೆ ಹೋಲಿಸಿ ನೋಡಿ. ಈಚೆಗೆ ಯಾರಿಗಾದರೂ ದಾನಪತ್ರ ಆಗಿದ್ದರೆ ರಿಸೀವರಿಗೆ ಬರೆಯಿರಿ, ನಮಗೂ ಒಂದು ಪ್ರತಿ ಹಾಕಿ. ಆಗ ನಿಮ್ಮ ‘ಮೋಸಗಾರ’ ಎಂಬ ಮಾತನ್ನು ಇದೇ ಅಂಕಣದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇನೆ, ಹೆಸರು ಬಿಟ್ಟು.