ಕೋಳಿಗೂಡಿನ ಮುಂದೆ ಕೂತ ಮಗ ಓದುವುದು ಯಾವಾಗ?

ಪ್ರಶ್ನೆ: ಮಗನಿಗೆ ಎಂಟು ವರ್ಷ. ಎರಡನೇ ಕ್ಲಾಸು ಮುಗಿದ ಮೇಲೆ ಶಾಲೆ ಬಿಡಿಸಿದೆವು. ತಾನಾಗಿ ಕಲಿಯಲಿ ಅಂತ ಮನೆಯಲ್ಲೂ ಪಾಠ ಹೇಳುತ್ತಿಲ್ಲ. ಏಳು ತಿಂಗಳಾಯಿತು. ಕಾವು ಕೂತ ಹೇಂಟೆಯ ಮುಂದೆಯೇ ದಿನ ಕಳೆಯುತ್ತಾನೆ. ಕನ್ನಡ ಓದಲು ಈಗಲೂ ತಡವರಿಸುತ್ತಾನೆ. ‘ಹುಡುಗನ್ನ ಹಾಳು ಮಾಡಿದ್ರಿ’ ಅಂತಾರೆ ಅತ್ತೆ. ನಂಬಿ ಸುಮ್ಮನಿರಬಹುದೇ?
– ತಾಯಿ, ತೀರ್ಥಹಳ್ಳಿ

ಉತ್ತರ: ಮೊದಲು ಹೇಂಟೆಯ ವಿಷಯ. ಕೋಳಿಮೊಟ್ಟೆ ಒಡೆದು ಮರಿಯಾಗಲು 21 ದಿನ, ಬಾತುಮೊಟ್ಟೆಗೆ ಸುಮಾರು 28. ಎರಡನ್ನೂ ಒಂದೇ ಹೇಂಟೆಯಡಿ ಇಟ್ಟು, ಮರಿಗಳೆಲ್ಲ ಒಟ್ಟಿಗೆ ಬರಬೇಕೆಂದರೆ ಬಾತುಮೊಟ್ಟೆಯನ್ನು ವಾರ ಮೊದಲೇ ಇಡಬೇಕು. ಈ ಕಳೆಯುವ ಲೆಕ್ಕ ಇವತ್ತಲ್ಲ ನಾಳೆ ಅವನಿಗೇ ಎದುರಾಗುತ್ತದೆ. ನೀವಾಗಿ ‘28ರಲ್ಲಿ 21 ಹೋದರೆ?’ ಅಂತ ಕೇಳಿದಿರೋ, ಎದ್ದು ಹೋಗುತ್ತಾನೆ. ಶಾಲೆಯೂ ಪಾಠವೂ ಇಲ್ಲದೆ ಮಗು ತಾನಾಗಿ ಕಲಿಯುವ ಈ ದಾರಿಗೆ ‘ಅನ್‌ಸ್ಕೂಲಿಂಗ್’ ಎಂಬ ಮಾತನ್ನು 1970ರ ದಶಕದಲ್ಲಿ ಚಾಲ್ತಿಗೆ ತಂದ ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ತರಗತಿಯಲ್ಲಿ ಕಂಡದ್ದೂ ಇದನ್ನೇ: ಮಕ್ಕಳು ಲೆಕ್ಕ ಬಿಟ್ಟು ಟೀಚರ ಮುಖ ನೋಡಿ ಉತ್ತರ ಊಹಿಸುತ್ತಾರೆ.

ಆದರೆ ಓದಿನ ವಿಷಯದಲ್ಲಿ ಸುಮ್ಮನಿರಿ ಎನ್ನಲಾರೆ. ಹೀಗೆ ಬೆಳೆದ ಮಕ್ಕಳಲ್ಲಿ ಎಂಟು, ಒಂಬತ್ತಕ್ಕೆ ಓದು ಹಿಡಿದವರಿದ್ದಾರೆ, ನಿಜ. ಒತ್ತಕ್ಷರ ಬಂದಲ್ಲಿ ಎಡವುವುದೂ ಸಾಮಾನ್ಯ. ನಿನ್ನೆ ಗೊತ್ತಿದ್ದ ಅಕ್ಷರ ಇವತ್ತು ಹೊಸದಾಗಿ ಕಂಡರೆ, ಪ್ರಾಸ ಕಿವಿಗೆ ಹತ್ತದಿದ್ದರೆ, ಮನೆತನದಲ್ಲಿ ಮತ್ತೊಬ್ಬರಿಗೂ ಓದು ಕಷ್ಟವಾಗಿದ್ದರೆ ಕಾಯಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು ಕಷ್ಟವಾಗುವ ತೊಂದರೆ) ತಪಾಸಣೆ. ಡಿಸ್ಲೆಕ್ಸಿಯಾ ಇದ್ದರೆ ಅದು ನಂಬಿಕೆಯಿಂದ ಸರಿಹೋಗುವಂಥದ್ದಲ್ಲ, ಕ್ರಮಬದ್ಧವಾಗಿ ಕಲಿಸಬೇಕು. ಏನೂ ಇಲ್ಲವೆಂದಾದರೆ ರಾತ್ರಿ ಕತೆ ಓದಿ ಹೇಳುತ್ತಿರಿ, ಸಾಲಿನ ಕೆಳಗೆ ಬೆರಳು ಓಡಲಿ.

ಅತ್ತೆಗೆ ಸಮೀಕ್ಷೆ ತೋರಿಸಿ ಗೆಲ್ಲಲು ಹೋಗಬೇಡಿ. ಮನೋವಿಜ್ಞಾನಿ ಪೀಟರ್ ಗ್ರೇ ಹೀಗೆ ಬೆಳೆದ 75 ವಯಸ್ಕರನ್ನು ಕೇಳಿದಾಗ ಬಹುಪಾಲು ಜನ ಮುಂದೆ ಕಾಲೇಜು ಓದಿದ್ದರು. ಆದರೆ ತಾವಾಗಿ ಮುಂದೆ ಬಂದು ಉತ್ತರಿಸಿದವರವರು, ಬಾರದವರ ಕತೆ ಅದರಲ್ಲಿಲ್ಲ.

ಕಾನೂನು? 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಸೇರಿಸದವರಿಗೆ ದಂಡ ಹೇಳುವುದಿಲ್ಲ. ಮನೆಶಿಕ್ಷಣದ ಹೆಸರನ್ನೇ ಎತ್ತುವುದಿಲ್ಲ. ಹತ್ತನೇ ತರಗತಿಯನ್ನು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಕಟ್ಟಬಹುದು.

ಇನ್ನು ಅತ್ತೆ. ಹೇಂಟೆಯನ್ನು ಕಾವಿಗೆ ಕೂರಿಸುವ ಹದ ನಿಮ್ಮ ಮನೆಯಲ್ಲಿ ಅವರಷ್ಟು ಇನ್ಯಾರಿಗೆ ಗೊತ್ತು? ಏಳನೇ ರಾತ್ರಿ ಮೊಟ್ಟೆಗೆ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳ ಬಲೆ ಕಾಣುತ್ತದೆ. ಮೊಮ್ಮಗ ಮೊದಲು ಅಜ್ಜಿಯನ್ನು ಕರೆಯಲಿ.