ಅರ್ಥವಿಜ್ಞಾನದಲ್ಲಿ, ಅಂದರೆ ಪದ-ವಾಕ್ಯಗಳ ಅರ್ಥದ ಅಧ್ಯಯನದಲ್ಲಿ, ಭಾಷಾವಿಜ್ಞಾನಿ ಬಾರ್ಬರಾ ಪಾರ್ಟೀ ಹೆಸರು ಯಾಕೆ ಅಷ್ಟು ದೊಡ್ಡದು?

ತರ್ಕಶಾಸ್ತ್ರದವರ ಅರ್ಥದ ಲೆಕ್ಕವನ್ನು ಭಾಷಾವಿಜ್ಞಾನದೊಳಕ್ಕೆ ತಂದು, ಎರಡನ್ನೂ ಒಟ್ಟಿಗೆ ಕೆಲಸ ಮಾಡಿಸಿದವರಲ್ಲಿ ಅವರು ಮೊದಲಿಗರು. ಅದಕ್ಕೇ.

ಅವರು ಹೆಸರಾಂತ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅವರ ಶಿಷ್ಯೆ. 1965ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ಚಾಮ್‌ಸ್ಕಿ ಬಳಗದ ಆಗಿನ ವ್ಯಾಕರಣದಲ್ಲಿ 'ಎಲ್ಲರೂ ಗೆಲ್ಲಲು ಬಯಸುತ್ತಾರೆ' ಎಂಬಂಥ ವಾಕ್ಯದ ಒಳರೂಪ 'ಎಲ್ಲರೂ ಎಲ್ಲರೂ ಗೆಲ್ಲಲೆಂದು ಬಯಸುತ್ತಾರೆ' ಎಂದಿತ್ತು. ಎರಡನೇ 'ಎಲ್ಲರೂ' ಅಳಿಸಿದರೆ ಮೊದಲ ವಾಕ್ಯ ಸಿಗುತ್ತದೆ. ಆದರೆ ಅರ್ಥ ಒಂದೇ ಅಲ್ಲವಲ್ಲ! ಮೊದಲನೆಯದರಲ್ಲಿ ಪ್ರತಿಯೊಬ್ಬರಿಗೂ ತಾನು ಗೆಲ್ಲುವ ಆಸೆ. ಎರಡನೆಯದರಲ್ಲಿ ಬೇರೆಯವರೂ ಗೆಲ್ಲಲಿ ಎಂಬ ದೊಡ್ಡ ಮನಸ್ಸು.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ (ಯುಸಿಎಲ್‌ಎ) ಪಾಠ ಮಾಡುವಾಗ ಅಲ್ಲೇ ಇದ್ದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟಗ್ಯೂ ಅವರ ಕೆಲಸ ಪಾರ್ಟೀ ಅವರಿಗೆ ಪರಿಚಯವಾಯಿತು. ಬಿಡಿ ಪದಗಳ ಅರ್ಥ ಮತ್ತು ಅವು ಸೇರುವ ರೀತಿ, ಇವೆರಡರಿಂದಲೇ ವಾಕ್ಯದ ಅರ್ಥ ಹುಟ್ಟಬೇಕು ಎಂಬುದು ಅದರ ತಿರುಳು. ಪಾರ್ಟೀ ಅದನ್ನು ಮೇಲಿನ ತೊಡಕಿಗೆ ಹಚ್ಚಿದರು. ಅಳಿಸುವುದು 'ಎಲ್ಲರೂ' ಎಂಬ ಪದವನ್ನಲ್ಲ, ಒಂದು ಖಾಲಿ ಜಾಗವನ್ನು, ಗಣಿತದ 'ಎಕ್ಸ್' ಇದ್ದ ಹಾಗೆ. 'ಎಕ್ಸ್ ಗೆಲ್ಲುವುದು' ಎಂಬುದರಿಂದ 'ಗೆಲ್ಲುವವರಾಗುವುದು' ಎಂಬ ಗುಣ ಸಿಗುತ್ತದೆ. 'ಬಯಸು' ಅದರ ಜೊತೆ ಸೇರುತ್ತದೆ. ಈಗ ಅರ್ಥ ಸರಿಹೋಯಿತು.

1971ರಲ್ಲಿ ಮಾಂಟಗ್ಯೂ ಕೊಲೆಯಾದರು. ಅವರ ಬರಹಗಳೋ, ಸುಮ್ನೆ ಓದಿದರೆ ತಲೆಗೆ ಹೋಗುವಂಥವಲ್ಲ. ಅವನ್ನು ಭಾಷಾವಿಜ್ಞಾನಿಗಳಿಗೆ ತಲುಪಿಸಿದ್ದರಲ್ಲಿ ಪಾರ್ಟೀ ಅವರ ಪಾಲೇ ಜಾಸ್ತಿ. 1972ರಿಂದ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್‌ನಲ್ಲಿ ಪಾಠ ಮಾಡಿದರು. ಅಲ್ಲಿನ ಭಾಷಾವಿಜ್ಞಾನ ವಿಭಾಗ ಈ ವಿಷಯದ ದೊಡ್ಡ ಕೇಂದ್ರವಾಯಿತು.