ಸೊಂಟದಲ್ಲೊಂದು ಗುಟ್ಟು

ಓದುಗರ ಪತ್ರ: ನಾನು ಹಾಸನದವಳು. ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ. ಹೋದ ವರ್ಷ ಇಲ್ಲಿಯ ಪೌರತ್ವ ಸಿಕ್ಕಿತು. ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಗಲ್ಲಾದ ದುಡ್ಡು ಹಿಡಿದು ಒಬ್ಬಳೇ ಕಾರಿಗೆ ನಡೆಯಬೇಕು. ಪಕ್ಕದ ಅಂಗಡಿಯಲ್ಲಿ ದರೋಡೆ ಆದಮೇಲೆ ಒಂದು ಪಿಸ್ತೂಲು ಕೊಂಡೆ, ಸಿಗ್ ಪಿ365. ನಾಲ್ಕು ತಿಂಗಳಲ್ಲಿ ಎರಡೇ ಸಲ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಎರಡು ಸಲವೂ ಪಾರ್ಕಿಂಗ್‌ನಿಂದಲೇ ವಾಪಸು ಬಂದೆ. ಎಲ್ಲರೂ ನನ್ನ ಸೊಂಟವನ್ನೇ ನೋಡುತ್ತಿದ್ದಾರೆ ಅನಿಸುತ್ತದೆ. ತಾನಾಗಿ ಹಾರಿಬಿಟ್ಟರೆ ಅಂತ ಭಯ. ಯಜಮಾನರು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೋ ಅನ್ನುತ್ತಾರೆ. ಎಚ್‌1ಬಿ ಮೇಲೆ ಬಂದಿರುವ ತಮ್ಮ ನಮ್ಮ ಜೊತೆಗೇ ಇದ್ದಾನೆ, ಅವನಿಗೆ ಇದರ ಮೇಲೆ ಭಾರಿ ಆಸೆ. ಮುಂದಿನ ತಿಂಗಳು ಅಮ್ಮ ಬರುತ್ತಾರೆ. ಏಳು ವರ್ಷದ ಮಗನಿದ್ದಾನೆ. ಈ ಅಳುಕು ಹೋಗುವುದು ಹೇಗೆ?

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ನನ್ನ ಮೇಜಿನ ಮೇಲೆ ಹತ್ತು ದಿನ ಕೂತಿತ್ತು. ಇಂಥದ್ದಕ್ಕೆ ಕನ್ನಡ ಪತ್ರಿಕೆಯಲ್ಲಿ ಉತ್ತರ ಬರೆಯಬೇಕೇ ಎಂದು ಕಚೇರಿಯಲ್ಲಿ ಒಂದು ಸುತ್ತು ಜಗಳವೂ ಆಯಿತು. ಕೊನೆಗೆ ನಾನೇ ಪೆನ್ನು ಹಿಡಿದೆ. ಈ ಕುರ್ಚಿಗೆ ಬರುವ ಮೊದಲು ಹನ್ನೊಂದು ವರ್ಷ ಹ್ಯೂಸ್ಟನ್‌ನಲ್ಲಿದ್ದೆ, ಅದರಲ್ಲಿ ಎರಡು ವರ್ಷ ನಿಮ್ಮ ಹಾಗೆಯೇ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಿದ್ದೇನೆ. ಪಾರ್ಕಿಂಗ್‌ನಿಂದ ವಾಪಸು ಬಂದದ್ದು ನಿಮ್ಮ ಲೆಕ್ಕದಲ್ಲಿ ಎರಡು ಸಲ. ನನ್ನ ಲೆಕ್ಕ ಹೇಳಿದರೆ ನಗುತ್ತೀರಿ.

ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜನದೊಂದು ಒಂಟಿನಳಿಗೆ ಕೋವಿ ಇತ್ತು. ಪರವಾನಗಿ ಇದ್ದ ಕೋವಿ. ಗದ್ದೆಗೆ ಬರುವ ಹಂದಿಯನ್ನು ಹೆದರಿಸಲು ವರ್ಷಕ್ಕೆ ನಾಲ್ಕೋ ಐದೋ ಈಡು. ಅದು ಇರುವುದು ಊರಿಗೆಲ್ಲ ಗೊತ್ತಿತ್ತು. ಚುನಾವಣೆ ಬಂದಾಗ ಅಜ್ಜ ಅದನ್ನು ಹೆಗಲಿಗೇರಿಸಿ ಠಾಣೆಗೆ ಒಪ್ಪಿಸಲು ಹೋಗುವುದನ್ನು ಬಸ್‌ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು. ಕೊಡಗಿನಲ್ಲಂತೂ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿಗೆ ಕೋವಿಯನ್ನು ತೊಳೆದು, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ದೇವರ ಮುಂದೆ ಇಡುತ್ತಾರೆ; ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ಕೊಯ್ಯುವಾಗ ಈಡು ಹೊಡೆಯುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅಂದರೆ ನಮ್ಮ ಕಡೆ ಬಂದೂಕು ಇದ್ದಲ್ಲೆಲ್ಲ ಅದು ನಾಲ್ಕು ಜನಕ್ಕೆ ಕಾಣುವ ವಸ್ತು. ನೀವು ಮಾಡಲು ಹೊರಟಿರುವುದು ಇದಕ್ಕೆ ಪೂರಾ ಉಲ್ಟಾ. ಯಾರಿಗೂ ಕಾಣಬಾರದು, ಆದರೆ ಸದಾ ಮೈಮೇಲಿರಬೇಕು. ಗುಟ್ಟು ಇಟ್ಟುಕೊಂಡವರಿಗೆ ಎಲ್ಲರೂ ತಮ್ಮನ್ನೇ ನೋಡಿದಂತೆ ಕಾಣುವುದು ಪಿಸ್ತೂಲಿಗೆ ಮಾತ್ರ ಸೇರಿದ ಕಾಯಿಲೆಯಲ್ಲ.

ಸತ್ಯ ಹೇಳಬೇಕೆಂದರೆ ಯಾರೂ ನೋಡುವುದಿಲ್ಲ. ನಾನು ಒಮ್ಮೆ ಅಂಗಡಿಯಲ್ಲಿ ಇಪ್ಪತ್ತು ಪೌಂಡಿನ ಅಕ್ಕಿ ಚೀಲ ಎತ್ತಲು ಬಗ್ಗಿದಾಗ ಅಂಗಿ ಮೇಲೆ ಸರಿದು ಹಿಡಿಕೆ ಪೂರ್ತಿ ಹೊರಗೆ ಬಂದಿತ್ತು. ಹಿಂದೆ ನಿಂತಿದ್ದವರು ತಮ್ಮ ಫೋನಿನಲ್ಲಿ ಮುಳುಗಿದ್ದರು. ಜನರ ಗಮನ ಸೆಳೆಯುವುದು ಬಟ್ಟೆಯೊಳಗಿನ ಉಬ್ಬಲ್ಲ, ಅದನ್ನು ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುವ ನಿಮ್ಮ ಕೈ. ಹೊಸದಾಗಿ ತಾಳಿ ಕಟ್ಟಿಸಿಕೊಂಡವರು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದಿಲ್ಲವೇ, ಹಾಗೆ. ಕೈಯನ್ನು ಅಲ್ಲಿಂದ ದೂರ ಇಡುವುದೇ ಮೊದಲ ಪಾಠ. ಅದನ್ನು ಕಲಿಯುವ ಜಾಗ ಬೀದಿಯಲ್ಲ, ಮನೆ.

ಹೀಗೆ ಮಾಡಿ. ಗುಂಡು ತುಂಬುವ ಮ್ಯಾಗಝಿನ್ ತೆಗೆಯಿರಿ, ಮೇಲ್ಭಾಗದ ಸ್ಲೈಡ್ ಹಿಂದಕ್ಕೆಳೆದು ಹಿಡಿಯಿರಿ, ಹಾರಲಿರುವ ಗುಂಡು ಕೂರುವ ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿಯೂ ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಮಗ ಶಾಲೆಗೆ ಹೋದಮೇಲೆ ಆ ಖಾಲಿ ಪಿಸ್ತೂಲನ್ನು ಅದರ ಒರೆ, ಅಂದರೆ ಹೋಲ್‌ಸ್ಟರ್‌ನಲ್ಲಿ ಸಿಕ್ಕಿಸಿಕೊಂಡು ಎರಡು ವಾರ ಮನೆಗೆಲಸ ಮಾಡಿ. ಕಸ ಗುಡಿಸಿ, ಬಗ್ಗಿ ಪಾತ್ರೆ ತೆಗೆಯಿರಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ತರಕಾರಿ ಹೆಚ್ಚಿ, ಕಾರಿನಲ್ಲಿ ಕೂತು ಎದ್ದು ನೋಡಿ. ಎಲ್ಲಿ ಚುಚ್ಚುತ್ತದೆ, ಯಾವಾಗ ಜಾರುತ್ತದೆ, ಯಾವ ಕುರ್ತಾದಲ್ಲಿ ಉಬ್ಬು ಕಾಣುತ್ತದೆ ಎಲ್ಲ ಗೊತ್ತಾಗುತ್ತದೆ. ನಿಮ್ಮ ಪಿ365 ಖಾಲಿಯಿದ್ದಾಗ ಸುಮಾರು ಅರ್ಧ ಕಿಲೋ. ಅರ್ಧ ಕಿಲೋ ಬೆಲ್ಲದ ಪೊಟ್ಟಣವನ್ನು ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡಂತೆ. ಮೆತ್ತನೆಯ ಬೆಲ್ಟು ಅದನ್ನು ಹೊರುವುದಿಲ್ಲ, ಗಟ್ಟಿ ಬೆಲ್ಟು ಬೇಕು. ಲೆಗ್ಗಿಂಗ್ಸ್ ಹಾಕಿದ ದಿನ ಹೊಟ್ಟೆಪಟ್ಟಿಯ ಥರದ್ದು ಸಿಗುತ್ತದೆ, ಅದರಲ್ಲೂ ಟ್ರಿಗರ್ ಭಾಗಕ್ಕೆ ಗಡಸು ಕವಚ ಇರುವುದನ್ನೇ ಕೊಳ್ಳಿ. ಸೀರೆ ಉಟ್ಟ ದಿನ ಬಿಟ್ಟುಬಿಡಿ. ಸೆರಗಿನ ಮರೆಯಿಂದ ಪಿಸ್ತೂಲು ತೆಗೆಯುವುದು ಸಿನಿಮಾದಲ್ಲಿ ಚೆನ್ನ.

ತಾನಾಗಿ ಹಾರುತ್ತದೆ ಎಂಬ ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುಸ್ಥಿತಿಯಲ್ಲಿರುವ ಇಂದಿನ ಪಿಸ್ತೂಲು ಟ್ರಿಗರ್ ಎಳೆಯದೆ ಹಾರದಂತೆ ಒಳಗೇ ತಡೆ ಇಟ್ಟು ಮಾಡಿರುತ್ತಾರೆ. ಹಾಗಾಗಿ ಪ್ರಶ್ನೆ ಉಳಿಯುವುದು ಟ್ರಿಗರ್‌ಗೆ ಏನು ತಗಲಬಹುದು ಎಂಬುದೊಂದೇ. ಅದಕ್ಕೇ ಟ್ರಿಗರ್ ಭಾಗವನ್ನು ಪೂರ್ತಿ ಮುಚ್ಚುವ, ಕೈಡೆಕ್ಸ್‌ನಂಥ ಗಡಸು ಪ್ಲಾಸ್ಟಿಕ್‌ನಲ್ಲಿ ಆ ಮಾದರಿಗೆಂದೇ ಅಚ್ಚು ಹಾಕಿದ ಹೋಲ್‌ಸ್ಟರ್ ಬೇಕು. ಎಲ್ಲ ಪಿಸ್ತೂಲಿಗೂ ಹೊಂದುತ್ತದೆಂದು ಮಾರುವ ಬಟ್ಟೆಯ ಚೀಲ ಬೇಡ. ಪಿಸ್ತೂಲಿಗೆ ಕೊಟ್ಟ ದುಡ್ಡು ನೆನೆದು ಇದರಲ್ಲಿ ಉಳಿಸಲು ಹೋಗಬೇಡಿ. ಅಪಾಯ ಹೆಚ್ಚಿರುವುದು ಹೊರಗೆ ತೆಗೆಯುವಾಗಲ್ಲ, ವಾಪಸು ಇಡುವಾಗ. ಕುರ್ತಾದ ಅಂಚೋ ಜಾಕೆಟ್ಟಿನ ದಾರವೋ ಟ್ರಿಗರ್‌ಗೆ ಸಿಕ್ಕಿಕೊಳ್ಳುತ್ತದೆ, ಅವಸರದಲ್ಲಿ ಒತ್ತುತ್ತಾರೆ, ಗುಂಡು ಸ್ವಂತ ತೊಡೆಗೆ ಹೋಗುತ್ತದೆ. ವಾಪಸು ಇಡುವಾಗ ಬಟ್ಟೆ ಸರಿಸಿ, ಕಣ್ಣಾರೆ ನೋಡಿಕೊಂಡು, ನಿಧಾನಕ್ಕೆ ಇಡಿ. ಅದಕ್ಕಿಂತ ಒಳ್ಳೆಯದು, ಬೆಳಿಗ್ಗೆ ಹೋಲ್‌ಸ್ಟರ್ ಸಮೇತ ಸಿಕ್ಕಿಸಿಕೊಂಡು ರಾತ್ರಿ ಹೋಲ್‌ಸ್ಟರ್ ಸಮೇತ ತೆಗೆಯುವುದು. ಚೇಂಬರ್‌ನಲ್ಲಿ ಗುಂಡು ಇರಬೇಕೇ ಬೇಡವೇ ಎಂದು ಕೇಳಿದರೆ ಅಲ್ಲಿಯ ತರಬೇತುದಾರರು ಹೆಚ್ಚಿನವರು ಇರಲೇಬೇಕು ಅನ್ನುತ್ತಾರೆ. ಅಳುಕಿರುವಷ್ಟು ದಿನ ಖಾಲಿ ಇಡಿ ಎನ್ನುವುದು ನನ್ನ ಪಕ್ಷ. ನಾನು ಆರು ತಿಂಗಳು ಹಾಗೇ ಇಟ್ಟಿದ್ದೆ.

ಅರಿಜೋನಾದಲ್ಲಿ 1976ರಲ್ಲಿ ಗನ್‌ಸೈಟ್ ಎಂಬ ತರಬೇತಿ ಶಾಲೆ ಕಟ್ಟಿದ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮಗಳನ್ನು ನೀವು ಗುರಿ ಅಭ್ಯಾಸದ ಯಾವ ರೇಂಜಿಗೆ ಹೋದರೂ ಗೋಡೆಯ ಮೇಲೆ ನೋಡುತ್ತೀರಿ: ಎಲ್ಲ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ; ನಾಶವಾದರೆ ಅಡ್ಡಿಯಿಲ್ಲ ಅನ್ನುವಂಥದ್ದರ ಕಡೆಗಲ್ಲದೆ ನಳಿಗೆ ತಿರುಗಿಸಬೇಡ; ಗುರಿ ಸಿಗುವವರೆಗೆ ಬೆರಳು ಟ್ರಿಗರ್ ಮೇಲಿರಬಾರದು; ಗುರಿ ಯಾವುದು, ಅದರ ಹಿಂದೇನಿದೆ ಗೊತ್ತಿರಲಿ. ನಮ್ಮಜ್ಜ ಕೂಪರ್ ಹೆಸರು ಕೇಳಿದವರಲ್ಲ. ಆದರೆ ತೋಟಾ ತೆಗೆದಿಟ್ಟ ಕೋವಿಯನ್ನು ನಾನು ಆಟಕ್ಕೆ ನಾಯಿಯ ಕಡೆ ತಿರುಗಿಸಿದ್ದಕ್ಕೆ ಕೊಟ್ಟ ಏಟು ಇವತ್ತಿಗೂ ನೆನಪಿದೆ.

ಹ್ಯಾಂಡ್‌ಬ್ಯಾಗ್ ಬೇಡವೇ ಬೇಡ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಹೇಡನ್ ಎಂಬ ಊರಿನಲ್ಲಿ, ದೊಡ್ಡ ಅಂಗಡಿಯೊಂದರ ತಳ್ಳುಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈ ಹಾಕಿತು. ಪಿಸ್ತೂಲಿಗೆಂದೇ ಜಿಪ್ ಇರುವ ಜೇಬು ಮಾಡಿದ್ದ ಬ್ಯಾಗು ಅದು. ಇಪ್ಪತ್ತೊಂಬತ್ತು ವರ್ಷದ ಆ ತಾಯಿ ಅಲ್ಲೇ ತೀರಿಕೊಂಡರು. ಆಕೆ ಬಂದೂಕು ಬಳಸಲು ಬರದವರೂ ಆಗಿರಲಿಲ್ಲ. ಯಜಮಾನರಿಗೆ ಇದಿಷ್ಟನ್ನು ಓದಿ ಹೇಳಿ. ಬ್ಯಾಗನ್ನು ನಾವು ಗಲ್ಲಾದ ಹಿಂದೆ ಇಡುತ್ತೇವೆ, ಹೋಟೆಲಿನಲ್ಲಿ ಕುರ್ಚಿಗೆ ನೇತು ಹಾಕುತ್ತೇವೆ, ಕಳ್ಳನೂ ಮೊದಲು ಕಿತ್ತುಕೊಳ್ಳುವುದು ಅದನ್ನೇ.

ಕಾನೂನಿನ ವಿಷಯ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಇಪ್ಪತ್ತೊಂದು ತುಂಬಿದ, ಬೇರೆ ತಡೆ ಇಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ನೀವು ಪರವಾನಗಿ ಮಾಡಿಸಿಕೊಳ್ಳಿ. ಮೊದಲನೆಯದು, ಶಾಲೆಯ ಆವರಣದಿಂದ ಸಾವಿರ ಅಡಿಯೊಳಗೆ ಬಂದೂಕು ಒಯ್ಯಬಾರದೆಂಬ ಫೆಡರಲ್, ಅಂದರೆ ಇಡೀ ದೇಶದ ಕಾನೂನಿದೆ. ಆ ರಾಜ್ಯದ ಪರವಾನಗಿ ಇದ್ದವರಿಗೆ ಅದರಿಂದ ವಿನಾಯಿತಿ. ನಿಮ್ಮ ಅಂಗಡಿಗೂ ಮನೆಗೂ ನಡುವೆ ಎಷ್ಟು ಶಾಲೆ ದಾಟುತ್ತೀರಿ ಲೆಕ್ಕ ಹಾಕಿ. ಎರಡನೆಯದು, ನಾಲ್ಕರಿಂದ ಆರು ಗಂಟೆಯ ಆ ತರಗತಿ ಮತ್ತು ಗುರಿ ಪರೀಕ್ಷೆ. ಮೂರು, ಏಳು, ಹದಿನೈದು ಗಜದಿಂದ ಒಟ್ಟು 50 ಗುಂಡು, 250 ಅಂಕದಲ್ಲಿ 175 ಬಂದರೆ ಪಾಸು. ಕಷ್ಟದ ಪರೀಕ್ಷೆಯಲ್ಲ, ಪಾಸಾದೆನೆಂದು ಬೀಗುವಂಥದ್ದೂ ಅಲ್ಲ. ಆದರೆ ಹತ್ತಾರು ಅಪರಿಚಿತರ ನಡುವೆ ನಿಂತು ಗುಂಡು ಹಾರಿಸಿ ಬಂದ ದಿನ ನಿಮ್ಮ ಭುಜ ಸ್ವಲ್ಪ ಸಡಿಲಾಗುತ್ತದೆ. ನನಗೆ ಆಗಿತ್ತು.

ಬಾಗಿಲ ಮೇಲಿನ ಫಲಕ ಓದುವ ಅಭ್ಯಾಸ ಮಾಡಿಕೊಳ್ಳಿ. 30.06 (ಅದು ಅಲ್ಲಿಯ ಕಾನೂನಿನ ಕಲಂ) ಎಂದು ಬರೆದಿದ್ದರೆ ಪರವಾನಗಿ ಇದ್ದವರೂ ಬಚ್ಚಿಟ್ಟುಕೊಂಡು ಒಳಗೆ ಬರುವಂತಿಲ್ಲ. ಕೆಂಪಕ್ಷರದ 51% ಕಂಡರೆ ಅದು ಅರ್ಧಕ್ಕಿಂತ ಹೆಚ್ಚು ಆದಾಯ ಹೆಂಡದಿಂದಲೇ ಬರುವ ಜಾಗ, ಅಲ್ಲಿಯೂ ಇಲ್ಲ. ದೇವಸ್ಥಾನದ ಆಡಳಿತದವರು ಬೇಡವೆಂದು ಫಲಕ ಹಾಕಿದ್ದರೆ ಅಲ್ಲಿಯೂ ಇಲ್ಲ. ಹಾಕದಿದ್ದರೂ ಚಪ್ಪಲಿ ಬಿಟ್ಟು ಹೋಗುವ ಜಾಗಕ್ಕೆ ಅದನ್ನು ಒಯ್ಯುವುದು ನನಗಂತೂ ಸರಿ ಕಾಣುವುದಿಲ್ಲ. ನಮ್ಮವರು ಎಡವುವ ಜಾಗ ಇನ್ನೊಂದಿದೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದಿರುತ್ತಾರೆ. ಭಾನುವಾರವಾದರೂ, ಒಂದು ಮಗುವೂ ಪಾಠಕ್ಕೆ ಬರದಿದ್ದರೂ ಅದು ಶಾಲೆಯ ಕಟ್ಟಡವೇ. ಅಂಥ ದಿನ ಪಿಸ್ತೂಲು ಮನೆಯಲ್ಲೇ ಇರಲಿ.

ಊರಿಗೆ ಬರುವಾಗಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ರೇಂಜಿಗೆ ಒಯ್ಯುವ ಚೀಲ ಬೇರೆ, ವಿಮಾನಕ್ಕೆ ಒಯ್ಯುವ ಚೀಲ ಬೇರೆ ಇರಲಿ. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ 6,737 ಬಂದೂಕು ಸಿಕ್ಕವು, ಬಹುಪಾಲು ಗುಂಡು ತುಂಬಿದ್ದವೇ. ಮರೆತೆ ಎನ್ನುವುದೇ ಎಲ್ಲರ ಉತ್ತರ. ನಮ್ಮಲ್ಲಿ ಪಿಸ್ತೂಲು ಬೇಕಿಲ್ಲ, ಚೀಲದ ಮೂಲೆಯಲ್ಲಿ ಒಂದೇ ಒಂದು ಗುಂಡು ಉಳಿದಿದ್ದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿದ್ದೂ ಇಟ್ಟುಕೊಂಡದ್ದಲ್ಲ ಎಂದು ನ್ಯಾಯಾಲಯ ಒಪ್ಪಬಹುದು, ಅಷ್ಟರಲ್ಲಿ ರಜೆ ಮುಗಿದಿರುತ್ತದೆ.

ಈಗ ದುಡ್ಡಿನ ಚೀಲ. ಪತ್ರದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಪಿಸ್ತೂಲಲ್ಲ, ರಾತ್ರಿ ಹತ್ತಕ್ಕೆ ಒಬ್ಬಳೇ ಎಂಬ ಮಾತು. ಮನೆಯಲ್ಲಿ ಇಬ್ಬರು ಗಂಡಸರಿದ್ದಾರಲ್ಲ, ಒಬ್ಬರು ಬಂದು ಜೊತೆಗೆ ನಿಲ್ಲಬಾರದೇ? ದುಡ್ಡನ್ನು ಹಗಲಲ್ಲೇ, ಒಂದೊಂದು ದಿನ ಒಂದೊಂದು ಹೊತ್ತಿನಲ್ಲಿ ಬ್ಯಾಂಕಿಗೆ ಕಟ್ಟಿ. ಕಾರನ್ನು ದೀಪದ ಕೆಳಗೆ, ಬಾಗಿಲಿಗೆ ಹತ್ತಿರ ನಿಲ್ಲಿಸಿ. ರಾತ್ರಿಯ ಕಳ್ಳತನ ತಡೆಯಲು ಕೆಲವು ಸಂದರ್ಭಗಳಲ್ಲಿ ಮಾರಕ ಬಲ ಬಳಸಲೂ ಟೆಕ್ಸಾಸ್ ಕಾನೂನು ಅವಕಾಶ ಕೊಡುತ್ತದೆ, ಇದನ್ನು ನಿಮಗೆ ಯಾರಾದರೂ ಹೆಮ್ಮೆಯಿಂದ ಹೇಳಿಯೇ ಹೇಳುತ್ತಾರೆ. ಕೇಳಿಸಿಕೊಂಡು ಸುಮ್ಮನಿರಿ. ಚೀಲ ಕೇಳಿದರೆ ಚೀಲ ಕೊಟ್ಟುಬಿಡಿ. ಒಂದು ದಿನದ ವ್ಯಾಪಾರಕ್ಕೆ ಒಂದು ಜೀವ ತೆಗೆದು ಆಮೇಲೆ ಅದೇ ಗಲ್ಲಾದಲ್ಲಿ ಕೂತು ಬೇಳೆ ತೂಗುವುದು ಸುಲಭವಲ್ಲ. ಪಿಸ್ತೂಲು ನಿಮ್ಮ ಜೀವಕ್ಕೆ, ಬೇರೆ ದಾರಿ ಒಂದೂ ಉಳಿಯದಾಗ. ಇಷ್ಟನ್ನು ಮನಸ್ಸಿನಲ್ಲಿ ಮೊದಲೇ ತೀರ್ಮಾನ ಮಾಡಿಟ್ಟುಕೊಂಡರೆ ನಿಮ್ಮ ಅಳುಕಿನಲ್ಲಿ ಅರ್ಧ ಇಳಿಯುತ್ತದೆ. ಉಳಿದರ್ಧ ಇಳಿಯದಿದ್ದರೆ ಚಿಂತಿಸಬೇಡಿ, ನನಗೆ ಕೊನೆಯವರೆಗೂ ಇಳಿಯಲಿಲ್ಲ. ಅದೇ ನನ್ನನ್ನು ಟ್ರಾಫಿಕ್ಕಿನಲ್ಲಿ ಯಾರ ಮೇಲೂ ಕೂಗಾಡದಂತೆ ತಡೆದದ್ದು.

ತಮ್ಮನಿಗೆ ಖಡಾಖಂಡಿತವಾಗಿ ಇಲ್ಲ ಎನ್ನಿ. ಎಚ್‌1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿಯಂಥವು ಇವೆ, ಅದನ್ನು ವಕೀಲರ ಬಳಿ ಕೂತು ಕೇಳಬೇಕೇ ಹೊರತು ರೇಂಜಿನಲ್ಲಿ ಪರೀಕ್ಷಿಸಬಾರದು. ಅಕ್ಕನ ಪಿಸ್ತೂಲನ್ನು ಒಂದು ಸಲ ಹಿಡಿದು ನೋಡುತ್ತೇನೆ ಅನ್ನುವುದೂ ಅದರೊಳಗೇ ಬರಬಹುದು. ಸಿಕ್ಕಿಬಿದ್ದರೆ ಹೋಗುವುದು ಕೆಲಸ ಮಾತ್ರವಲ್ಲ, ಆ ದೇಶವೇ.

ಅಮ್ಮನಿಗೆ ಮುಚ್ಚಿಡಬೇಡಿ. ಮನೆಯೊಳಗೆ ಆ ಗುಟ್ಟು ಬೇಡ. ಗಾಬರಿಯಾಗುತ್ತಾರೆ, ಎರಡು ದಿನ ಊಟ ಸೇರುವುದಿಲ್ಲ, ಆಮೇಲೆ ನಿಮಗಿಂತ ಹೆಚ್ಚು ಎಚ್ಚರ ಅವರೇ ವಹಿಸುತ್ತಾರೆ. ಬೀರುವಿನಲ್ಲಿ ಸೀರೆಯ ಕೆಳಗೆ ಅಕಸ್ಮಾತ್ ಅವರ ಕೈಗೆ ಸಿಗುವುದಕ್ಕಿಂತ ಇದು ವಾಸಿ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. 2021ರಲ್ಲಿ 48,830ರಲ್ಲಿ 26,328. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ ದಿನಗಳಿದ್ದರೆ, ನಿಮಗೇ ಇದ್ದರೂ ಸರಿ, ಅಷ್ಟು ಕಾಲ ಅದು ಮನೆಯಲ್ಲೇ ಇರದಿರಲಿ. ಇನ್ನು ಟೆಕ್ಸಾಸ್‌ನಲ್ಲಿ ಹದಿನೇಳು ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಇಟ್ಟರೆ ಅದೇ ಅಪರಾಧ. ಮೈಮೇಲಿಲ್ಲದ ಹೊತ್ತು ಅದರ ಜಾಗ ತಿಜೋರಿ, ಐದು ನಿಮಿಷಕ್ಕಾದರೂ.

ಪತ್ರದ ಕೊನೆಗೆ ನೀವು ತಮಾಷೆಗೆಂಬಂತೆ ಒಂದು ಸಾಲು ಬರೆದಿದ್ದಿರಿ, ಅದನ್ನು ಮೇಲೆ ಅಚ್ಚು ಹಾಕಲಿಲ್ಲ. ತಿಜೋರಿಯ ನಂಬರು ಮರೆಯಬಾರದೆಂದು ಮಗನ ಹುಟ್ಟಿದ ದಿನ ಇಟ್ಟಿದ್ದೀರಂತೆ. ಆ ತಾರೀಖು ಅವನ ಮಾವನಿಗೆ ಗೊತ್ತು, ಬರಲಿರುವ ಅಜ್ಜಿಗೆ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತು. ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಬದಲಾಯಿಸಿ.